ಕ್ರಿಸ್ತನನ್ನು ಒಪ್ಪಿಕೊಳ್ಳದೆ ತೀರಿಕೊಂಡ ಅಜ್ಜಿ: ರಕ್ಷಣೆಯ ಬಗ್ಗೆ ಸಭೆ ನಿಜವಾಗಿ ಹೇಳುವುದೇನು?

ಪ್ರಶ್ನೆ: ನನ್ನನ್ನು ಸಾಕಿ ಬೆಳೆಸಿದವರು ತಾಯಿಯ ತಾಯಿ. ಅವರು ಕೊನೆಯವರೆಗೂ ತಮ್ಮ ಹಿರಿಯರ ಧರ್ಮವನ್ನೇ ಶ್ರದ್ಧೆಯಿಂದ ಪಾಲಿಸಿದರು. ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಸ್ವಂತ ಇಚ್ಛೆಯಿಂದ ದೀಕ್ಷಾಸ್ನಾನ ಪಡೆದೆ. ಅಜ್ಜಿ ಅಡ್ಡಿ ಮಾಡಲಿಲ್ಲ. ಭಾನುವಾರ ನನ್ನನ್ನು ಬೇಗ ಎಬ್ಬಿಸಿ ಆರಾಧನೆಗೆ ಕಳುಹಿಸುತ್ತಿದ್ದವರೂ ಅವರೇ. ನಾಲ್ಕು ತಿಂಗಳ ಹಿಂದೆ ಅವರು ತೀರಿಕೊಂಡರು. ‘ಯೇಸುವನ್ನು ಅಂಗೀಕರಿಸದೆ ಹೋದರಲ್ಲ, ಇನ್ನು ಪ್ರಾರ್ಥಿಸಿ ಫಲವಿಲ್ಲ’ ಎಂದು ನಮ್ಮ ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು ಹೇಳಿದರು. ‘ಈಗ ಸಭೆಯೇ ಎಲ್ಲ ಧರ್ಮಗಳೂ ಒಂದೇ ಎಂದು ಒಪ್ಪಿಕೊಂಡಿದೆ, ಚಿಂತೆ ಬಿಡು’ ಎಂದಳು ಕಥೋಲಿಕ ಗೆಳತಿ. ಎರಡೂ ಮಾತು ನನಗೆ ಸಮಾಧಾನ ಕೊಡಲಿಲ್ಲ. ಕೊನೆಯ ವಾರವೆಲ್ಲ ನಾನು ಅಜ್ಜಿಯ ಕೈ ಹಿಡಿದು ಪಕ್ಕದಲ್ಲೇ ಕುಳಿತಿದ್ದೆ, ಆದರೆ ಯೇಸುವಿನ ವಿಷಯ ಎತ್ತಲಿಲ್ಲ. ಎತ್ತಬೇಕಿತ್ತೇ? ಈಗ ಅವರಿಗಾಗಿ ಪ್ರಾರ್ಥಿಸಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಜ್ಜಿಯ ಗತಿ ಏನಾಯಿತೋ ಎಂಬ ಕಳವಳ ಅದರಲ್ಲಿದೆ, ನಿಜ. ಆದರೆ ಅದರ ಕೆಳಗೆ, ತೆರೆಯಬಹುದಾಗಿದ್ದ ಬಾಗಿಲೊಂದನ್ನು ನಾನೇ ಮುಚ್ಚಿಬಿಟ್ಟೆನೇನೋ ಎಂಬ ಅಳುಕೂ ಇದೆ. ಈ ವಿಷಯವನ್ನು ನಾನು ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಹಲವು ವರ್ಷ ಪಾಠ ಮಾಡಿದ್ದೇನೆ, ಸಭಾಪಾಲಕನಾಗಿ ಸಾವಿನ ಮನೆಗಳಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿಯೂ ಇದ್ದೇನೆ. ತರಗತಿಯಲ್ಲಿ ಕೇಳುವವರಿಗೆ ವಾದ ಬೇಕು, ಸಾವಿನ ಮನೆಯಲ್ಲಿ ಕೇಳುವವರಿಗೆ ಸುಳ್ಳಲ್ಲದ ಸಾಂತ್ವನ ಬೇಕು. ನಿಮಗೆ ಬೇಕಾದದ್ದು ಎರಡನೆಯದೆಂದು ಗೊತ್ತಿದ್ದರೂ ಮೊದಲನೆಯದರ ಮೂಲಕವೇ ನಿಮ್ಮನ್ನು ಕರೆದೊಯ್ಯಬೇಕಾಗಿದೆ, ಏಕೆಂದರೆ ನಿಮಗೆ ಸಿಕ್ಕಿರುವ ಎರಡು ಉತ್ತರಗಳಲ್ಲಿ ಯಾವುದೂ ಪೂರ್ತಿ ಸರಿಯಲ್ಲ.

ಮೊದಲು ಒಂದು ಗಂಟನ್ನು ಬಿಡಿಸಿಕೊಳ್ಳೋಣ. ‘ರಕ್ಷಣೆ ಕ್ರಿಸ್ತನಿಂದಲೇ’ ಎನ್ನುವುದು ಒಂದು ಮಾತು. ‘ಕ್ರಿಸ್ತನ ಹೆಸರನ್ನು ಅರಿತು, ಬದುಕಿರುವಾಗಲೇ ಬಾಯಾರೆ ಒಪ್ಪಿಕೊಂಡವರಿಗೆ ಮಾತ್ರ ರಕ್ಷಣೆ’ ಎನ್ನುವುದು ಬೇರೆಯೇ ಮಾತು. ಮೊದಲನೆಯದು ‘ಯಾರಿಂದ’ ಎಂಬ ಪ್ರಶ್ನೆಗೆ ಉತ್ತರ, ಎರಡನೆಯದು ‘ಯಾರಿಗೆ’ ಎಂಬುದಕ್ಕೆ. ಕಥೋಲಿಕ, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟ್ ಎಂಬ ಭೇದವಿಲ್ಲದೆ ಕ್ರೈಸ್ತ ಪರಂಪರೆಯ ಮುಖ್ಯ ಧಾರೆಗಳೆಲ್ಲ ಮೊದಲನೆಯ ಮಾತನ್ನು ಬಿಗಿಯಾಗಿ ಹಿಡಿದುಕೊಂಡು ಬಂದಿವೆ. ಯೋಹಾನ 14:6 ಮತ್ತು ಅಪೊಸ್ತಲರ ಕೃತ್ಯಗಳು 4:12 ಅದಕ್ಕೆ ಆಧಾರ. ಎರಡನೆಯ ಮಾತು ಅದರಿಂದ ತಾನಾಗಿ ಹುಟ್ಟಿಬರುವುದಿಲ್ಲ; ಅದಕ್ಕೆ ಬೇರೆ ವಾದವೇ ಬೇಕು, ಮತ್ತು ಆ ವಾದದಲ್ಲಿ ಕ್ರೈಸ್ತರಿಗೆ ಎರಡನೆಯ ಶತಮಾನದಿಂದಲೂ ಒಮ್ಮತವಿಲ್ಲ. ಪ್ರಜ್ಞೆ ತಪ್ಪಿದ ರೋಗಿಯನ್ನು ಬದುಕಿಸಿದ ಶಸ್ತ್ರವೈದ್ಯನ ಹೆಸರು ಆ ರೋಗಿಗೆ ತಿಳಿದಿರಲೇಬೇಕೆಂದಿಲ್ಲ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ‘ಹಾಗಾದರೆ ವಿಶ್ವಾಸವೆಂದರೆ ಪ್ರಜ್ಞೆ ತಪ್ಪಿ ಮಲಗುವುದೇ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ ಮೇಲೆ ಆ ಉಪಮೆಯನ್ನು ಅಷ್ಟು ಸಲೀಸಾಗಿ ಬಳಸುವುದನ್ನು ಬಿಟ್ಟೆ.

ಅವಳ ಪ್ರಶ್ನೆಗೆ ಬೈಬಲಿನಲ್ಲೇ ಒಂದು ಬಗೆಯ ಉತ್ತರವಿದೆ. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯವು ವಿಶ್ವಾಸಕ್ಕೆ ಮಾದರಿಗಳೆಂದು ಹೆಸರಿಸುವ ಅಬ್ರಹಾಮನಾಗಲಿ, ಯೆರಿಕೋವಿನ ವೇಶ್ಯೆ ರಾಹಾಬಳಾಗಲಿ ಯೇಸುವಿನ ಹೆಸರನ್ನು ಕೇಳಿದವರಲ್ಲ, ಆದರೂ ಅವರು ಪ್ರಜ್ಞೆಯಿಲ್ಲದೆ ಮಲಗಿದವರೂ ಅಲ್ಲ. ತಮಗೆ ತಿಳಿದಷ್ಟು ಬೆಳಕಿಗೆ ಓಗೊಟ್ಟು ನಡೆದವರು. ಮತ್ತಾಯ 25ರ ನ್ಯಾಯತೀರ್ಪಿನ ಚಿತ್ರದಲ್ಲಿ ಬಲಗಡೆ ನಿಂತವರು ‘ನಾವು ನಿನ್ನನ್ನು ಯಾವಾಗ ಕಂಡೆವು?’ ಎಂದು ಬೆರಗಾಗಿ ಕೇಳುತ್ತಾರೆ. ತಾವು ಯಾರಿಗೆ ಅನ್ನವಿಟ್ಟೆವೆಂಬುದು ಅವರಿಗೇ ತಿಳಿದಿರಲಿಲ್ಲ. ಧರ್ಮಶಾಸ್ತ್ರವಿಲ್ಲದ ಅನ್ಯಜನರ ಹೃದಯದಲ್ಲಿ ಅದರ ಸಾರವೇ ಬರೆದಿದೆಯೆಂದು ಪೌಲನು ರೋಮಾಪುರದವರಿಗೆ 2:14–15ರಲ್ಲಿ ಹೇಳುತ್ತಾನೆ. ಆದರೆ ಇದೇ ಪ್ರಾಮಾಣಿಕತೆಯಿಂದ ಇನ್ನೊಂದು ಪಕ್ಕವನ್ನೂ ಹೇಳಬೇಕು: ದೇವರು ಪಕ್ಷಪಾತಿಯಲ್ಲವೆಂದು ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯಲ್ಲಿ ಒಪ್ಪಿಕೊಂಡ ಪೇತ್ರನು ಅಲ್ಲಿಗೇ ಮಾತು ನಿಲ್ಲಿಸದೆ ಆ ಮನೆಯವರಿಗೆ ಕ್ರಿಸ್ತನನ್ನು ಸಾರಿದನು, ದೀಕ್ಷಾಸ್ನಾನ ಮಾಡಿಸುವಂತೆ ಹೇಳಿದನು. ನಿಮ್ಮ ಗುಂಪಿನ ಹಿರಿಯರು ಕಲ್ಪನೆಯಿಂದ ಮಾತಾಡುತ್ತಿಲ್ಲ. ಅವರ ಹಿಂದೆಯೂ ವಚನಗಳಿವೆ.

ಇತಿಹಾಸವೂ ಇದೆ. ‘ಸಭೆಯ ಹೊರಗೆ ರಕ್ಷಣೆಯಿಲ್ಲ’ ಎಂಬ ಮಾತನ್ನು ಅನ್ಯಧರ್ಮೀಯರ ಮೇಲೆ ಹೊರಡಿಸಿದ ತೀರ್ಪು ಎಂದೇ ಬಹಳ ಜನ ತಿಳಿದಿದ್ದಾರೆ. ಅದನ್ನು ಮೂರನೆಯ ಶತಮಾನದಲ್ಲಿ ಬರೆದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನನ ಕಣ್ಣ ಮುಂದೆ ಇದ್ದವರು ಅನ್ಯಧರ್ಮೀಯರಲ್ಲ, ಕ್ರೈಸ್ತರೇ. ಕ್ರಿ.ಶ. 250ರಲ್ಲಿ ಡೇಸಿಯಸ್ ಚಕ್ರವರ್ತಿಯ ಹಿಂಸೆಗೆ ಹೆದರಿ ಕೆಲವರು ವಿಶ್ವಾಸವನ್ನು ನಿರಾಕರಿಸಿದ್ದರು. ಅವರನ್ನು ಮರಳಿ ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ಜಗಳದಲ್ಲಿ ಸಭೆ ಒಡೆಯಿತು, ಒಡೆದು ಹೋದವರು ಕೊಟ್ಟ ದೀಕ್ಷಾಸ್ನಾನ ಸಿಂಧುವೇ ಎಂಬ ಪ್ರಶ್ನೆ ಎದ್ದಿತು. ಮನೆ ಬಿಟ್ಟು ಹೊರಡುತ್ತಿರುವ ಮಗನಿಗೆ ತಾಯಿ ಆಡಿದ ಗದರಿಕೆಯ ಮಾತು ಅದು, ದಾರಿಹೋಕರಿಗೆ ಆಡಿದ್ದಲ್ಲ. ರೋಮನ್ ಸಾಮ್ರಾಜ್ಯವೇ ಕ್ರೈಸ್ತವಾದ ಮೇಲೆ, ಸುವಾರ್ತೆ ಲೋಕಕ್ಕೆಲ್ಲ ಮುಟ್ಟಿದೆ, ಆದ್ದರಿಂದ ಈಗಲೂ ಹೊರಗಿರುವವರು ಬೇಕೆಂದೇ ತಿರಸ್ಕರಿಸಿದವರು ಎಂಬ ಊಹೆ ಬೇರೂರಿತು, ಗದರಿಕೆ ದಾರಿಹೋಕರಿಗೂ ಅನ್ವಯವಾಯಿತು. 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ, ಆರನೆಯ ಶತಮಾನದ ಫುಲ್ಜೆನ್ಷಿಯಸನ ಮಾತುಗಳನ್ನು ಎತ್ತಿಕೊಂಡು, ಸಾಯುವ ಮುನ್ನ ಸಭೆಗೆ ಸೇರದ ಅನ್ಯಧರ್ಮೀಯರೂ ಯೆಹೂದ್ಯರೂ ಒಡಕಿನ ಕ್ರೈಸ್ತರೂ ನಿತ್ಯಾಗ್ನಿಗೆ ಹೋಗುವರೆಂದು ಬರೆಯಿತು. ಇದನ್ನು ಮೃದುಗೊಳಿಸಿ ಹೇಳುವ ಅಭ್ಯಾಸ ನನ್ನ ಸಹೋದ್ಯೋಗಿಗಳಲ್ಲಿದೆ, ನನಗದು ಒಗ್ಗುವುದಿಲ್ಲ. ಅಲ್ಲಿ ಬರೆದಿರುವುದು ಅದೇ.

ಆ ಕಠೋರ ಕಾಲದಲ್ಲೂ ನಿಮ್ಮ ಪ್ರಶ್ನೆಯನ್ನು ಕೇಳಿದವರಿದ್ದರು. ರೋಮಿನ ಬಿಷಪನಿಗೆ ಅಧೀನವಾಗದೆ ರಕ್ಷಣೆಯಿಲ್ಲವೆಂದು ಪೋಪ್ ಎಂಟನೆಯ ಬೊನಿಫೇಸ್ 1302ರಲ್ಲಿ ಸಾರಿದ ಕೆಲವೇ ವರ್ಷಗಳಲ್ಲಿ, ಅದೇ ಪೋಪನ ಕಟುವೈರಿಯಾಗಿದ್ದ ಇಟಲಿಯ ಕವಿ ಡಾಂಟೆ ತನ್ನ ಮಹಾಕಾವ್ಯದ ಸ್ವರ್ಗಕಾಂಡದ 19ನೆಯ ಸರ್ಗದಲ್ಲಿ ಇದನ್ನೇ ಎತ್ತುತ್ತಾನೆ: ಸಿಂಧೂ ನದಿಯ ದಡದಲ್ಲಿ ಒಬ್ಬ ಮನುಷ್ಯ ಹುಟ್ಟುತ್ತಾನೆ, ಅಲ್ಲಿ ಕ್ರಿಸ್ತನ ಬಗ್ಗೆ ಹೇಳುವವರಿಲ್ಲ, ಓದುವವರಿಲ್ಲ, ಬರೆಯುವವರಿಲ್ಲ, ಅವನ ನಡೆನುಡಿಗಳೆಲ್ಲ ಒಳ್ಳೆಯವೇ, ಅವನು ದೀಕ್ಷಾಸ್ನಾನವಿಲ್ಲದೆ ಸತ್ತರೆ ಅವನ ತಪ್ಪೆಲ್ಲಿ? ಡಾಂಟೆಗೆ ಸಿಗುವ ಉತ್ತರ ನುಣುಪಾಗಿಲ್ಲ. ಗೇಣಿನಾಚೆ ಕಾಣದ ಕಣ್ಣಿಟ್ಟುಕೊಂಡು ಸಾವಿರ ಮೈಲಿಯಾಚೆಗಿನ ತೀರ್ಪು ಹೇಳಲು ನೀನಾರು ಎಂಬ ಗದರಿಕೆ ಮೊದಲು ಬರುತ್ತದೆ. ಕ್ರಿಸ್ತನನ್ನು ನಂಬದೆ ಯಾರೂ ಮೇಲೇರಲಿಲ್ಲ ಎಂಬ ಮಾತೂ ಬರುತ್ತದೆ. ಅದರ ಬೆನ್ನಿಗೇ, ‘ಕ್ರಿಸ್ತ ಕ್ರಿಸ್ತ’ ಎಂದು ಕೂಗುವ ಅನೇಕರು ತೀರ್ಪಿನ ದಿನ ಕ್ರಿಸ್ತನನ್ನೇ ಅರಿಯದವನಿಗಿಂತ ಆತನಿಂದ ದೂರ ನಿಂತಿರುತ್ತಾರೆ ಎಂಬ ಎಚ್ಚರಿಕೆಯೂ ಬರುತ್ತದೆ. ನಿಮ್ಮ ಗುಂಪಿನವರೂ ನಿಮ್ಮ ಗೆಳತಿಯೂ ಈ ಮೂರು ಮಾತುಗಳಲ್ಲಿ ತಮಗೆ ಬೇಕಾದ ಒಂದನ್ನು ಆಯ್ದು ಉಳಿದೆರಡನ್ನು ಬಿಟ್ಟಿದ್ದಾರೆ.

ಸುವಾರ್ತೆ ಎಲ್ಲರಿಗೂ ಮುಟ್ಟಿದೆ ಎಂಬ ಊಹೆ 1492ರಲ್ಲಿ ಕೊಲಂಬಸ್ ಅಮೆರಿಕದ ತೀರ ತಲುಪಿದ ಮೇಲೆ ನಿಲ್ಲುವಂತಿರಲಿಲ್ಲ. ಅಲ್ಲಿನ ಲಕ್ಷಾಂತರ ಜನ ಹದಿನೈದು ಶತಮಾನ ಕಾಲ ಆ ಹೆಸರನ್ನೇ ಕೇಳದೆ ಬಾಳಿ ಸತ್ತಿದ್ದರು. ಸ್ಪೇನಿನ ಸಾಲಮಾಂಕಾದ ಅಧ್ಯಾಪಕ ಫ್ರಾನ್ಸಿಸ್ಕೋ ದೆ ವಿಟೋರಿಯಾ 1539ರ ಉಪನ್ಯಾಸದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಸುವಾರ್ತೆಯನ್ನು ಸುಮ್ಮನೆ ಘೋಷಿಸಿದ ಮಾತ್ರಕ್ಕೆ ಕೇಳಿದವರು ನಂಬಲೇಬೇಕೆಂಬ ಬಾಧ್ಯತೆ ಹುಟ್ಟುವುದಿಲ್ಲ, ಸಾರಿದವರ ಬಾಳಿನ ಮಾದರಿಯೂ ಬೇಕು, ಅಲ್ಲಿಂದ ತಮಗೆ ಕೇಳಿಬರುತ್ತಿರುವುದಾದರೋ ಕ್ರೌರ್ಯದ ಸುದ್ದಿಗಳು ಎಂದರು. 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ, ರಕ್ಷಣೆಗೆ ದೀಕ್ಷಾಸ್ನಾನ ಬೇಕೆನ್ನುವಾಗ ‘ಅಥವಾ ಅದರ ಬಯಕೆ’ ಎಂದು ಸೇರಿಸಿತು. ತಮ್ಮ ತಪ್ಪಿಲ್ಲದೆ ಅಜ್ಞಾನದಲ್ಲಿರುವವರು ದೈವಕೃಪೆಯಿಂದ ನಿತ್ಯಜೀವ ಪಡೆಯಬಲ್ಲರೆಂದು 1863ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಬರೆದರು. ಆ ಹೊತ್ತಿಗೆ ಆ ಪೋಪ್ ಉದಾರವಾದಿಯೆಂದು ಯಾರೂ ದೂರುತ್ತಿರಲಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಹಳೆಯ ಮಾತನ್ನು ಅಕ್ಷರಶಃ ಹಿಡಿದು ಬೋಧಿಸಿದ ಯೇಸುಸಭೆಯ ಪಾದ್ರಿ ಲಿಯೊನಾರ್ಡ್ ಫೀನಿ ಅವರ ವ್ಯಾಖ್ಯಾನವನ್ನು ರೋಮ್ 1949ರಲ್ಲಿ ತಳ್ಳಿಹಾಕಿತು, 1953ರಲ್ಲಿ ಅವಿಧೇಯತೆಗಾಗಿ ಅವರನ್ನು ಬಹಿಷ್ಕರಿಸಿತು. ಸಭೆಯ ಹೊರಗೆ ರಕ್ಷಣೆಯಿಲ್ಲವೆಂದು ವಾದಿಸಿದವರೇ ಸಭೆಯ ಹೊರಗೆ ನಿಂತರು. ಸುಮಾರು ಇಪ್ಪತ್ತು ವರ್ಷಗಳ ಮೇಲೆ ರಾಜಿಯಾಯಿತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಇನ್ನು ಗೆಳತಿಯ ಮಾತು. ಎಲ್ಲ ಧರ್ಮಗಳೂ ಒಂದೇ ಎಂದು ಕಥೋಲಿಕ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆ ಎಲ್ಲಿಯೂ ಹೇಳಿಲ್ಲ. 1964ರ ನವೆಂಬರಿನಲ್ಲಿ ಸಭೆಯ ಸ್ವರೂಪದ ಬಗ್ಗೆ ಹೊರಡಿಸಿದ ದಸ್ತಾವೇಜಿನ 16ನೆಯ ಪರಿಚ್ಛೇದ ಹೇಳುವುದಿಷ್ಟು: ತಮ್ಮ ತಪ್ಪಿಲ್ಲದೆ ಕ್ರಿಸ್ತನ ಸುವಾರ್ತೆಯನ್ನಾಗಲಿ ಸಭೆಯನ್ನಾಗಲಿ ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸುತ್ತ, ಕೃಪೆಯ ಪ್ರೇರಣೆಯಿಂದ ಅಂತಃಸಾಕ್ಷಿ ತೋರಿದ ದಾರಿಯಲ್ಲಿ ನಡೆಯಲು ಯತ್ನಿಸುವವರು ರಕ್ಷಣೆ ಪಡೆಯಬಲ್ಲರು. ‘ಪಡೆಯಬಲ್ಲರು’ ಎಂದಿದೆ, ‘ಪಡೆದೇ ಪಡೆಯುತ್ತಾರೆ’ ಎಂದಿಲ್ಲ. ‘ಕೃಪೆಯ ಪ್ರೇರಣೆಯಿಂದ’ ಎಂಬ ಪದಗಳೂ ಅಲಂಕಾರಕ್ಕೆ ಬಂದವಲ್ಲ. ಎರಡು ಪರಿಚ್ಛೇದ ಹಿಂದೆಯೇ, ಪ್ರೀತಿಯಲ್ಲಿ ನೆಲೆಗೊಳ್ಳದ ಕಥೋಲಿಕನು ಸಭೆಯೊಳಗಿದ್ದೂ ರಕ್ಷಣೆ ಹೊಂದುವುದಿಲ್ಲವೆಂದೂ ಅದೇ ದಸ್ತಾವೇಜು ಹೇಳುತ್ತದೆ. ಮರುವರ್ಷ ಅಕ್ಟೋಬರ್ 28ರಂದು 2221 ಮತಗಳು ಪರವಾಗಿ, 88 ವಿರೋಧವಾಗಿ ಬಿದ್ದು ಅಂಗೀಕಾರವಾದ ಇನ್ನೊಂದು ಪ್ರಕಟಣೆ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಸಭೆ ತಿರಸ್ಕರಿಸುವುದಿಲ್ಲ ಎಂದಿತು, ಕೂಡಲೇ ಕ್ರಿಸ್ತನನ್ನು ಸಾರುವ ಕರ್ತವ್ಯವನ್ನೂ ನೆನಪಿಸಿತು. ಎಲ್ಲವೂ ಸಮಾನ ಮಾರ್ಗಗಳೆಂಬ ವಾದವನ್ನು 2000ದಲ್ಲಿ ರೋಮ್ ಮತ್ತೊಮ್ಮೆ ಸ್ಪಷ್ಟವಾಗಿ ನಿರಾಕರಿಸಿದೆ.

‘ಅಜ್ಜಿ ಅಷ್ಟು ಒಳ್ಳೆಯವರು, ದೇವರು ಅವರನ್ನು ಬಿಟ್ಟಾನೆಯೇ’ ಎಂಬ ಮಾತು ನಿಮ್ಮ ಮನಸ್ಸಿನಲ್ಲಿ ಬಂದಿರುತ್ತದೆ, ಸಾವಿನ ಮನೆಯಲ್ಲಿ ಅದು ಬರದೆ ಇರುವುದಿಲ್ಲ. ಆದರೆ ಒಳ್ಳೆಯತನದ ಲೆಕ್ಕ ಒಪ್ಪಿಸಿ ರಕ್ಷಣೆ ಪಡೆಯುವ ದಾರಿ ಕ್ರೈಸ್ತನಿಗೂ ಇಲ್ಲ. ಕೃಪೆಯ ನೆರವಿಲ್ಲದೆ ಸ್ವಂತ ಪ್ರಯತ್ನದಿಂದಲೇ ಒಳ್ಳೆಯವರಾಗಬಹುದೆಂಬ ಪೆಲಾಜಿಯಸನ ಬೋಧನೆಯನ್ನು 418ರಲ್ಲಿ ಕಾರ್ಥೇಜಿನಲ್ಲಿ ಖಂಡಿಸಿದಾಗಲೇ ಆ ಬಾಗಿಲು ಮುಚ್ಚಿತು. ಕನ್ನಡ ಬೈಬಲ್ ಈ ಸಂದರ್ಭದಲ್ಲಿ ಬಳಸುವ ‘ರಕ್ಷಣೆ’ ಎಂಬ ಪದವನ್ನೇ ನೋಡಿ: ಮುಳುಗುವವರನ್ನು ಎತ್ತಲು ದಡದಿಂದ ಇನ್ನೊಂದು ಕೈ ಬರಬೇಕು. ನಿಮ್ಮ ಅಜ್ಜಿಗೆ ಭರವಸೆಯಿರುವುದಾದರೆ ಅದು ಅವರ ಸದ್ಗುಣಗಳ ಪಟ್ಟಿಯಲ್ಲಿಲ್ಲ, ನಿಮ್ಮ ಭರವಸೆ ಎಲ್ಲಿದೆಯೋ ಅಲ್ಲೇ ಇದೆ.

ಹಾಗಾದರೆ ಆಲೋಚಿಸುವ ಕ್ರೈಸ್ತರೊಬ್ಬರಿಗೆ ಯಾವ ನಿಲುವುಗಳು ಉಳಿಯುತ್ತವೆ? ಅರಿತು ನಂಬಿದವರಿಗೆ ಮಾತ್ರ ಎಂಬ ನಿಲುವು ಮೊದಲನೆಯದು; ಅನೇಕ ಇವ್ಯಾಂಜೆಲಿಕಲ್ ಮತ್ತು ಪೆಂಟೆಕೋಸ್ಟಲ್ ಸಭೆಗಳಲ್ಲಿ ಇಂದಿಗೂ ಇದೇ ಬೋಧನೆ. ಇದರಲ್ಲಿ ಸಾರುವ ಕೆಲಸಕ್ಕೆ ಬೇಕಾದ ತುರ್ತು ಇದೆ, ವಚನನಿಷ್ಠೆಯೂ ಇದೆ. ಅಪಾಯವೆಂದರೆ ಎದುರಿನ ಮನುಷ್ಯನು ಮನುಷ್ಯನಾಗಿ ಕಾಣದೆ ಗುರಿಯಾಗಿ ಕಾಣತೊಡಗುತ್ತಾನೆ, ಜೊತೆಗೆ ಅಬ್ರಹಾಮನಿಗೂ ಮಾತು ಬಾರದ ಶಿಶುವಿಗೂ ಕೊಟ್ಟ ವಿನಾಯಿತಿ ಇನ್ನಾರಿಗೂ ಏಕಿಲ್ಲ ಎಂಬುದನ್ನು ವಿವರಿಸುವುದು ಕಷ್ಟವಾಗುತ್ತದೆ. ಈ ಪರಂಪರೆಯೊಳಗೂ ಎಚ್ಚರದ ದನಿಗಳಿವೆ: ಹೊರಗಿನಿಂದ ವಾಕ್ಯದ ಕರೆಯನ್ನು ಕೇಳಲು ಅಶಕ್ತರಾದ ಆರಿಸಲ್ಪಟ್ಟವರನ್ನು ಆತ್ಮನು ತನ್ನ ಇಚ್ಛೆಯಂತೆ ರಕ್ಷಿಸುತ್ತಾನೆಂದು 1647ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಹೇಳುತ್ತದೆ. ಎಲ್ಲ ಧರ್ಮಗಳಲ್ಲಿ ಕ್ರಿಸ್ತನು ಸಮಾನವಾಗಿ ಮಾತಾಡುತ್ತಾನೆಂಬ ವಾದವನ್ನು ತಿರಸ್ಕರಿಸಿದ ಇವ್ಯಾಂಜೆಲಿಕಲ್ ಕ್ರೈಸ್ತರ 1974ರ ಲೋಸಾನ್ ಒಡಂಬಡಿಕೆಯನ್ನು ರೂಪಿಸಿದವರಲ್ಲಿ ಪ್ರಮುಖರಾದ ಜಾನ್ ಸ್ಟಾಟ್ ಅವರೇ, ಸುವಾರ್ತೆ ಕೇಳದವರ ಗತಿಯ ವಿಷಯದಲ್ಲಿ ತಿಳಿಯದೆಂದು ಒಪ್ಪಿಕೊಳ್ಳುವುದೇ ಹೆಚ್ಚು ಕ್ರೈಸ್ತವಾದ ನಿಲುವೆಂದು 1988ರಲ್ಲಿ ಬರೆದರು. ನಿಮ್ಮ ಗುಂಪಿನ ಹಿರಿಯರು ಇದನ್ನು ಓದಿದ್ದರೆ ಸಾವಿನ ಮನೆಯಲ್ಲಿ ಅಷ್ಟು ಖಚಿತವಾಗಿ ಮಾತಾಡುತ್ತಿರಲಿಲ್ಲವೆಂದು ನನ್ನ ಅಂದಾಜು.

ಎರಡನೆಯದು, ಕ್ರಿಸ್ತನ ಕೃಪೆಯೇ ಆತನ ಹೆಸರನ್ನರಿಯದವರಲ್ಲೂ ಕೆಲಸ ಮಾಡುತ್ತದೆಂಬ ನಿಲುವು. ದೇವರ ವಾಕ್ಯಕ್ಕೆ ಅನುಗುಣವಾಗಿ ಬಾಳಿದ ಸಾಕ್ರಟೀಸನಂಥವರೂ ಕ್ರೈಸ್ತರೇ ಎಂದು ಎರಡನೆಯ ಶತಮಾನದಲ್ಲಿ ಹುತಾತ್ಮ ಜಸ್ಟಿನ್ ಬರೆದಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಕಥೋಲಿಕ ದೈವಶಾಸ್ತ್ರಜ್ಞ ಕಾರ್ಲ್ ರಾನರ್ ‘ಅನಾಮಿಕ ಕ್ರೈಸ್ತರು’ ಎಂಬ ಮಾತನ್ನು ಚಲಾವಣೆಗೆ ತಂದರು. ನನ್ನ ಒಲವು ಈ ಕಡೆಗೇ ಇದೆ, ಆದರೂ ಆ ಹೆಸರಿನಲ್ಲಿ ಒಂದು ದೊಡ್ಡಸ್ತಿಕೆಯಿದೆ. ಜಪಾನಿನ ತತ್ತ್ವಜ್ಞಾನಿ ಕೆಯ್ಜಿ ನಿಶಿತಾನಿ ಒಮ್ಮೆ ರಾನರರನ್ನೇ ‘ನಿಮ್ಮನ್ನು ನಾನು ಅನಾಮಿಕ ಜೆನ್ ಬೌದ್ಧರೆಂದು ಕರೆದರೆ?’ ಎಂದು ಕೇಳಿದರು. ಅದು ನನಗೆ ಗೌರವವೇ ಎಂದು ರಾನರ್ ಉತ್ತರಿಸಿದರು. ಚಂದದ ಉತ್ತರ, ಆದರೆ ಎಲ್ಲರಿಗೂ ಅದು ಗೌರವವಾಗಿ ಕಾಣಬೇಕಾಗಿಲ್ಲ. ನಿಮ್ಮ ಅಜ್ಜಿ ತಮ್ಮ ಧರ್ಮವನ್ನು ತಮ್ಮದೆಂದೇ ಬಾಳಿದವರು. ಅವರಿಗೆ ಸತ್ತ ಮೇಲೆ ಬೇರೆ ಹೆಸರಿಡುವ ಆತುರ ಬೇಡ.

ಮೂರನೆಯದು, ಎಲ್ಲ ಧರ್ಮಗಳೂ ಒಂದೇ ಪರಮಸತ್ಯದ ಸುತ್ತ ತಿರುಗುತ್ತವೆಂದು ಬ್ರಿಟಿಷ್ ದೈವಶಾಸ್ತ್ರಜ್ಞ ಜಾನ್ ಹಿಕ್ 1970ರ ದಶಕದಿಂದ ಪ್ರತಿಪಾದಿಸಿದ ನಿಲುವು. ಇದು ಕೇಳಲು ಹಗುರ. ಆದರೆ ಯಾವ ಧರ್ಮವೂ ತನ್ನ ಬಗ್ಗೆ ಹೇಳಿಕೊಳ್ಳದ ಮಾತನ್ನು ಎಲ್ಲ ಧರ್ಮಗಳ ಬಾಯಲ್ಲೂ ಇಡುತ್ತದೆ, ನೀವು ದೀಕ್ಷಾಸ್ನಾನದಲ್ಲಿ ಒಪ್ಪಿಕೊಂಡ ಕ್ರಿಸ್ತನನ್ನೂ ಅನೇಕರಲ್ಲಿ ಒಬ್ಬನನ್ನಾಗಿ ಮಾಡುತ್ತದೆ. ಕೊನೆಗೆ ಎಲ್ಲರೂ ರಕ್ಷಣೆ ಹೊಂದುವರೆಂಬ ಭರವಸೆ ಇನ್ನೊಂದು. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗರಿಯಲ್ಲಿ ಅದಿದೆ. ಅದನ್ನು ಖಚಿತ ಸಿದ್ಧಾಂತವಾಗಿ ಬೋಧಿಸುವುದನ್ನು ಸಭೆ ಒಪ್ಪಿಲ್ಲ, ಆದರೆ ಹಾಗಾಗಲೆಂದು ಹಾರೈಸುವುದನ್ನು ನಿಷೇಧಿಸಿಯೂ ಇಲ್ಲ. ಈ ಇಡೀ ಚರ್ಚೆಯಲ್ಲಿ ನಾನು ಹೆಚ್ಚು ನೆಚ್ಚಿಕೊಂಡಿರುವುದು 1989ರಲ್ಲಿ ಸಾನ್ ಆಂಟೋನಿಯೋದಲ್ಲಿ ಸೇರಿದ್ದ ಜಾಗತಿಕ ಸಭೆಗಳ ಒಕ್ಕೂಟದ ಸಮ್ಮೇಳನ ಹೇಳಿದ ಮಾತು: ಯೇಸು ಕ್ರಿಸ್ತನಲ್ಲದೆ ಬೇರೆ ರಕ್ಷಣಾಮಾರ್ಗವನ್ನು ನಾವು ತೋರಿಸಲಾರೆವು, ದೇವರ ರಕ್ಷಿಸುವ ಶಕ್ತಿಗೆ ಎಲ್ಲೆ ಹಾಕಲೂ ಆರೆವು.

ಒಂದು ಕಷ್ಟದ ಮಾತನ್ನು ನಾನು ತಪ್ಪಿಸಬಾರದು. ನಿಮ್ಮ ಅಜ್ಜಿ ಯೇಸುವಿನ ಹೆಸರನ್ನು ಕೇಳದವರಲ್ಲ. ಮೊಮ್ಮಗಳೇ ಕ್ರೈಸ್ತಳಾದದ್ದನ್ನು ಕಂಡವರು. ಡಾಂಟೆಯ ಆ ಮನುಷ್ಯನ ಸಾಲಿಗೆ ಅವರನ್ನು ನೇರವಾಗಿ ಸೇರಿಸಲಾಗದು, ನಿಮ್ಮ ಹಿರಿಯರು ಹಿಡಿಯುವುದೂ ಇದೇ ಎಳೆಯನ್ನು. ಆದರೆ ಹೆಸರು ಕಿವಿಗೆ ಬಿದ್ದದ್ದೂ ಕರೆ ಹೃದಯಕ್ಕೆ ಮುಟ್ಟಿದ್ದೂ ಒಂದೇ ಅಲ್ಲವೆಂಬುದು ವಿಟೋರಿಯಾ ಕಾಲದಿಂದಲೂ ತಿಳಿದ ವಿಷಯ. ಒಂದು ಜೀವಕ್ಕೆ ಎಂಬತ್ತು ವರ್ಷಗಳ ಭಕ್ತಿ, ಕುಟುಂಬ, ಭಾಷೆ ಎಲ್ಲ ಸೇರಿ ಕಟ್ಟಿದ ದೃಷ್ಟಿಯಾಚೆಗೆ ಇನ್ನೊಂದು ಸತ್ಯ ಸತ್ಯವಾಗಿ ಕಾಣಿಸಿತ್ತೇ, ಕಂಡೂ ಅದನ್ನು ತಳ್ಳಿದರೇ ಎಂಬುದನ್ನು ಹೊರಗೆ ನಿಂತವರು ಅಳೆಯಲಾಗುವುದಿಲ್ಲ. ಕಥೋಲಿಕ ಸಭೆ ಸಂತರನ್ನು ಹೆಸರಿಟ್ಟು ಘೋಷಿಸುತ್ತದೆ. ಇಂಥವರು ನರಕದಲ್ಲಿದ್ದಾರೆಂದು ಒಬ್ಬರ ಹೆಸರನ್ನೂ ಹಾಗೆ ಘೋಷಿಸಿಲ್ಲ.

ನೀವು ವಿಷಯ ಎತ್ತಬೇಕಿತ್ತೇ ಎಂಬುದಕ್ಕೆ ಬರೋಣ. ಬಂಧುಗಳು ಮಂಚದ ಸುತ್ತ ನಿಂತು, ಮಾತು ನಿಂತುಹೋದ ರೋಗಿಯೊಬ್ಬರಿಂದ ‘ಒಪ್ಪಿಕೊಂಡೆ’ ಎಂಬ ತಲೆಯಾಡಿಕೆ ಪಡೆಯಲು ಒಂದು ಗಂಟೆ ಕಾಲ ಒತ್ತಾಯಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಲೆ ಅಲುಗಿತು, ಅದು ಒಪ್ಪಿಗೆಯೋ ಬಳಲಿಕೆಯೋ ಎಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ, ಅವರ ಮಗನನ್ನು ಆ ಸಂಶಯ ಆಮೇಲೆ ವರ್ಷಗಟ್ಟಲೆ ಕಾಡಿತು. ನೀವು ಮೃದುವಾಗಿ ಮಾತು ತೆಗೆದಿದ್ದರೆ ತಪ್ಪಾಗುತ್ತಿರಲಿಲ್ಲ, ತೆಗೆಯದೆ ಇದ್ದುದೂ ದ್ರೋಹವಲ್ಲ. ಇಸ್ತಾಂಬುಲ್ಲಿನಲ್ಲಿ ಹಿಂದೆ ಕೋರಾ ಎಂಬ ಕ್ರೈಸ್ತ ದೇವಾಲಯವಾಗಿದ್ದು ಈಗ ಮಸೀದಿಯಾಗಿರುವ ಕಟ್ಟಡದಲ್ಲಿ, ಡಾಂಟೆ ಬರೆಯುತ್ತಿದ್ದ ಹೊತ್ತಿನಲ್ಲೇ ಬಿಡಿಸಿದ ಭಿತ್ತಿಚಿತ್ರವೊಂದಿದೆ. ಕ್ರಿಸ್ತನು ಪಾತಾಳದ ಕದಗಳನ್ನು ಮುರಿದು ತುಳಿದು ನಿಂತಿದ್ದಾನೆ. ಕಾಲಡಿಯಲ್ಲಿ ಬೀಗಗಳೂ ಕೀಲಿಗಳೂ ಚೆಲ್ಲಾಪಿಲ್ಲಿಯಾಗಿವೆ. ಒಂದು ಕಡೆ ಆದಾಮನನ್ನು, ಇನ್ನೊಂದು ಕಡೆ ಹವ್ವಳನ್ನು ಸಮಾಧಿಗಳಿಂದ ಎಳೆದೆತ್ತುತ್ತಿದ್ದಾನೆ. ಅವನು ಹಿಡಿದಿರುವುದು ಅವರ ಅಂಗೈಯನ್ನಲ್ಲ, ಮಣಿಕಟ್ಟನ್ನು. ಅಂಗೈಯಾದರೆ ಅವರೂ ಹಿಡಿದುಕೊಳ್ಳಬೇಕಾಗುತ್ತಿತ್ತು. ಇಲ್ಲಿ ಅವರ ಬೆರಳುಗಳು ಬಿಡಿಯಾಗಿವೆ, ಹಿಡಿತವೆಲ್ಲ ಅವನದು.

ಪ್ರಾರ್ಥನೆಯ ವಿಷಯದಲ್ಲಿ ಉತ್ತರ ನಿಮ್ಮ ಸಭೆ ಯಾವುದೆಂಬುದರ ಮೇಲೆ ನಿಲ್ಲುತ್ತದೆ, ನೀವು ಅದನ್ನು ಬರೆದಿಲ್ಲ. ಕಥೋಲಿಕ ಬಲಿಪೂಜೆಯ ನಾಲ್ಕನೆಯ ಕೃತಜ್ಞತಾ ಪ್ರಾರ್ಥನೆಯಲ್ಲಿ, ಕ್ರಿಸ್ತನ ಶಾಂತಿಯಲ್ಲಿ ತೀರಿಕೊಂಡವರ ಜೊತೆಗೆ, ಯಾರ ವಿಶ್ವಾಸವನ್ನು ದೇವರೊಬ್ಬನೇ ಬಲ್ಲನೋ ಅಂಥ ಮೃತರೆಲ್ಲರನ್ನೂ ನೆನೆಯಲಾಗುತ್ತದೆ. ಅಲ್ಲಿ ನೀವು ಅಜ್ಜಿಯನ್ನು ಯಾವ ಸಂಕೋಚವೂ ಇಲ್ಲದೆ ನೆನೆಯಬಹುದು. ಆರ್ಥೊಡಾಕ್ಸ್ ಸಭೆಗಳು ಸಾರ್ವಜನಿಕ ಆರಾಧನೆಯಲ್ಲಿ ಸಭೆಯ ಹೊರಗಿನವರನ್ನು ಹೆಸರಿಸುವುದಕ್ಕೆ ಮಿತಿ ಹಾಕುತ್ತವೆ, ಮನೆಯೊಳಗಿನ ಖಾಸಗಿ ಪ್ರಾರ್ಥನೆಯನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಬಹುಪಾಲು ಪ್ರೊಟೆಸ್ಟೆಂಟ್ ಸಭೆಗಳು ಸತ್ತವರಿಗಾಗಿ, ಅವರು ಕ್ರೈಸ್ತರೇ ಆಗಿದ್ದರೂ, ಪ್ರಾರ್ಥಿಸುವುದಿಲ್ಲ. ಹಾಗಾಗಿ ‘ಪ್ರಾರ್ಥಿಸಿ ಫಲವಿಲ್ಲ’ ಎಂಬ ಮಾತು ಅಲ್ಲಿ ನಿಮ್ಮ ಅಜ್ಜಿಗೆಂದೇ ಹೊರಟ ವಿಶೇಷ ತೀರ್ಪಲ್ಲ. ನಿಮ್ಮದು ಅಂಥ ಸಭೆಯಾದರೆ ಅವರ ಬಾಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಿ, ಅವರನ್ನು ಆತನ ನ್ಯಾಯಕ್ಕೂ ಕರುಣೆಗೂ ಒಪ್ಪಿಸಿ. ಭಾನುವಾರ ನಿಮ್ಮನ್ನು ಎಬ್ಬಿಸಿ ಕಳುಹಿಸುತ್ತಿದ್ದುದನ್ನು ಆ ಕೃತಜ್ಞತೆಯಲ್ಲಿ ಹೆಸರಿಟ್ಟು ಹೇಳಿ. ಅದಕ್ಕೆ ಯಾವ ಸಭಾಪಾಲಕರೂ ಆಕ್ಷೇಪಿಸಲಾರರು.